ನಿಮ್ಮ ಡ್ರಮ್ ಒಲೆ ಮತ್ತೆ ಹೊತ್ತಿತು, ಮಾವ

ಪ್ರೀತಿಯ ಮಾವನವರಿಗೆ,

ನಿಮ್ಮ ಡ್ರಮ್ ಒಲೆ ಗುಜರಿಗೆ ಹೋಗಲಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಉಳಿದದ್ದನ್ನು ಓದುವ ತಾಳ್ಮೆ ನಿಮಗೆಲ್ಲಿದೆ?

ಆ ಒಲೆ ಮನೆಗೆ ಬಂದ ದಿನ ಚೆನ್ನಾಗಿ ನೆನಪಿದೆ. ನಾನಾಗ ಜರಗನಹಳ್ಳಿಗೆ ಹೊಸ ಸೊಸೆ. ಬಾಡಿಗೆಗೆಂದು ಮೇಲೊಂದು ಮನೆ ಕಟ್ಟಿಸಿ ಮುಗಿದಿತ್ತು. ನೀರು ತುಂಬಿಡುತ್ತಿದ್ದ ಕಬ್ಬಿಣದ ಡ್ರಮ್ಮನ್ನು ನೀವು ಉದ್ದಕ್ಕೆ ಸೀಳಿಸಿ, ಮಿಕ್ಕ ಕಂಬಿಯಲ್ಲಿ ಕಾಲು ಹಾಕಿಸಿ, ಮೇಲೊಂದು ಜಾಲರಿ ಇಡಿಸಿ ತಂದಿರಿ. "ಇನ್ಮೇಲೆ ಹೊಸತೊಡಕಿಗೆ ಇದ್ರಲ್ಲೇ ಕಣಮ್ಮ, ಕೆಂಡದ ಮೇಲೆ ಸುಟ್ಟಿದ್ದು" ಎಂದಿರಿ. ಯುಗಾದಿಯ ಮಾರನೆಯ ದಿನ ಮಾಂಸದೂಟ ನಮ್ಮ ಕಡೆ ಎಲ್ಲರ ಮನೆಯಲ್ಲೂ ಇದ್ದದ್ದೇ. ಯಜಮಾನನೇ ಅಂಗಳದಲ್ಲಿ ನಿಂತು ಕೋಳಿ ಸುಡುವುದು ಮಾತ್ರ ನಮ್ಮ ಮನೆಯಲ್ಲೇ.

ಗೇಟಿಗೆ ಬಣ್ಣ ಬಳಿದಾಗಲೆಲ್ಲ ಡಬ್ಬದಲ್ಲಿ ಉಳಿದ ಹಸಿರನ್ನು ಒಲೆಗೂ ಬಳಿಯುತ್ತಿದ್ದಿರಿ, ಒಳಗೂ ಹೊರಗೂ. ಬೇಡ ಎಂದರೆ ಕೇಳಿದ್ದುಂಟೇ? ಕೆಂಡ ಬಿದ್ದೊಡನೆ ಬಣ್ಣ ಗುಳ್ಳೆಯೆದ್ದು ಬೀದಿಗೆಲ್ಲ ನಾತ. ಮೊದಲ ತಟ್ಟೆಯನ್ನು ಯಾರೂ ಮುಟ್ಟುತ್ತಿರಲಿಲ್ಲ. ಅತ್ತೆ ಸೆರಗಿನಿಂದ ಮೂಗು ಮುಚ್ಚಿಕೊಂಡು, "ನಿಮ್ ಪೇಂಟ್ ನೀವೇ ತಿನ್ಕೊಳ್ಳಿ" ಎನ್ನುತ್ತಿದ್ದರು. ನೀವು ಮುಖ ಸಣ್ಣಗೆ ಮಾಡಿಕೊಂಡು, "ನಾಯಿಗೆ ಹಾಕ್ಬಿಡೇ" ಎಂದು ತಟ್ಟೆಯನ್ನು ಅವರ ಕೈಗೇ ಕೊಡುತ್ತಿದ್ದಿರಿ.

ನೀವು ಹೋದ ಮೇಲೆ ಅತ್ತೆ ಮಾಂಸ ಮುಟ್ಟಲಿಲ್ಲ. "ಅವ್ರಿಲ್ದೆ ನಂಗ್ಯಾತರ ಹೊಸತೊಡಕು" ಎಂದು ಒಳಗೇ ಕೂತರು. ಒಲೆ ಮೂಲೆಯಲ್ಲಿ ತುಕ್ಕು ಹಿಡಿಯಿತು. ನಿಮ್ಮ ಮಗನಿಗೋ ಬಾಡಿಗೆಯವರ ಸ್ಕೂಟರಿಗೆ ಜಾಗ ಮಾಡುವ ಚಿಂತೆ. "ಗುಜರಿಗೆ ಹಾಕೋಣ" ಎಂದರು. ನನಗೆ ರೇಗಿತು. "ರೀ, ಈ ಸಲ ನಾನು ಹಚ್ತೀನಿ. ಅತ್ತೆ ಒಂದ್ ಚೂರು ತಿಂದ್ರೂ ಒಲೆ ಇಲ್ಲೇ ಇರ್ಬೇಕು. ತಿನ್ಲಿಲ್ಲ ಅಂದ್ರೆ ಗುಜರಿಯವನ್ನ ನಾನೇ ಕರೀತೀನಿ" ಎಂದೆ.

ಕೆರೆಯಲು ಕೂತಾಗ ತಿಳಿಯಿತು, ನೀವು ಬಳಿದದ್ದು ಬಣ್ಣವಲ್ಲ, ಗಾರೆ. ವೈರ್ ಬ್ರಷ್ಷಿನಲ್ಲಿ ಉಜ್ಜಿ ಉಜ್ಜಿ ನನ್ನ ರಟ್ಟೆ ಬಿದ್ದುಹೋಯಿತು. ತಳದಲ್ಲಿದ್ದ ತೂತಿಗೆ ತಗಡಿಟ್ಟು ವೆಲ್ಡಿಂಗ್ ಮಾಡಿಸಿದೆ. ಜೆ.ಪಿ. ನಗರದ ಅಂಗಡಿಯಲ್ಲಿ ಬೈಕಿನ ಸೈಲೆನ್ಸರಿಗೆ ಬಳಿಯುವ, ಬಿಸಿ ತಡೆಯುವ ಕಪ್ಪು ಬಣ್ಣ ಕೇಳಿದರೆ, "ಯಾವ್ ಗಾಡಿಗೆ ಮೇಡಂ?" ಎಂದ. "ಕೋಳಿಗೆ" ಎಂದೆ. ಹೊರಮೈಗೆ ಮಾತ್ರ ಬಳಿದೆ. ಒಳಗೆ ಎಣ್ಣೆ ಸವರಿ, ಬರೀ ಕೆಂಡ ಹಾಕಿ ಒಮ್ಮೆ ಸುಟ್ಟೆ. ನೀವಿದ್ದಿದ್ದರೆ ಪಕ್ಕದಲ್ಲಿ ನಿಂತು ಎಷ್ಟು ತಪ್ಪು ಹುಡುಕುತ್ತಿದ್ದಿರೋ...

ಮೊನ್ನೆ ಹೊಸತೊಡಕಿನ ದಿನ ಅಂಗಳದಲ್ಲಿ ಒಂದಿಷ್ಟೂ ನಾತವಿರಲಿಲ್ಲ. ಮೊದಲ ತಟ್ಟೆಯನ್ನು ನೇರ ಅಡುಗೆಮನೆಗೆ ಒಯ್ದು ಅತ್ತೆಯ ಮುಂದಿಟ್ಟೆ. ಬಗ್ಗಿ ಮೂಸಿ ನೋಡಿದರು. ಆಮೇಲೆ ಒಂದು ಚೂರು ಬಾಯಿಗಿಟ್ಟರು. ಬಾಗಿಲಲ್ಲಿ ನಿಂತಿದ್ದ ನಿಮ್ಮ ಮಗನ ಕಡೆ ನಾನು ಗೆದ್ದ ಮುಖದಿಂದ ತಿರುಗಬೇಕು, ಅಷ್ಟರಲ್ಲಿ ಅತ್ತೆ, "ಚೆನ್ನಾಗೈತೆ. ಆದ್ರೆ ಏನೋ ಕಮ್ಮಿ ಕಣೇ" ಎಂದರು.

"ಉಪ್ಪಾ ಅತ್ತೆ?"

"ಉಪ್ಪಲ್ಲ. ಆ ಪೇಂಟ್ ವಾಸ್ನೆ ಇಲ್ವಲ್ಲ."

"ನೀವು ಮೂಸಿಯೂ ನೋಡ್ತಿರ್ಲಿಲ್ಲ, ತಿಂದೋರ ಥರ ಹೇಳ್ತೀರಲ್ಲ?"

ಅವರು ಇನ್ನೊಂದು ಚೂರು ತೆಗೆದುಕೊಂಡರು. "ಅಷ್ಟ್ ಹೊತ್ತು ಹೊಗೇಲಿ ನಿಂತು ಸುಟ್ಟಿರೋದನ್ನ ನಾಯಿಗೆ ಹೆಂಗಮ್ಮ ಹಾಕೋದು?"

ಕೇಳಿಸಿತೇ ಮಾವ? ಆ ತಟ್ಟೆ ಒಂದು ವರ್ಷವೂ ನಾಯಿಗೆ ಹೋಗಿರಲಿಲ್ಲ. ಅಡುಗೆಮನೆಯ ಬಾಗಿಲ ಹಿಂದೆ ಅತ್ತೆಯೇ ತಿಂದು ಮುಗಿಸುತ್ತಿದ್ದರು. ನಿಮಗೊಮ್ಮೆ ಹೇಳಿಬಿಟ್ಟಿದ್ದರೆ... ನನಗೆ ಅಳು ಬಂತು, ಹೊಗೆ ಎಂದೆ.

ಬರುವ ಯುಗಾದಿಗೆ ಗೇಟಿಗೆ ಬಣ್ಣ ಬಳಿಸುತ್ತೇವೆ. ಉಳಿದ ಹಸಿರನ್ನು ಒಲೆಯ ಕಾಲುಗಳಿಗೆ ನಾನೇ ಬಳಿಯುತ್ತೇನೆ, ಅತ್ತೆಗೆ ಅಷ್ಟಾದರೂ ವಾಸನೆ ಬರಲಿ. ಒಳಗೂ ಬಳಿ ಎಂದು ನೀವು ಕನಸಿಗೆ ಬಂದು ಹೇಳಿದರೂ ಕೇಳುವುದಿಲ್ಲ.

ಮೊದಲ ತಟ್ಟೆ ಎಂದಿನಂತೆ ಅತ್ತೆಗೇ.

ಇಂತಿ,
ನಿಮ್ಮ ಮಾತು ಕೇಳದ ಸೊಸೆ