ಬಾಟಲಿಯ ನೀರು

ಖಾನಾಪುರ, ಆಗಸ್ಟ್ ೧೭, ಭಾನುವಾರ

ಅತ್ತೆಯನ್ನು ಬೆಳಗಾವಿಗೆ ಆ ಯುದ್ಧದ ಸಿನಿಮಾಕ್ಕೆ ಕರೆದುಕೊಂಡು ಹೋಗಲೇಬಾರದಿತ್ತು. ಮಗ ಸತ್ತ ಗಡಿ ಹೇಗಿರುತ್ತದೆ ನೋಡಬೇಕೆಂದು ಹಟ ಹಿಡಿದಿದ್ದರು. ಅಷ್ಟು ದೊಡ್ಡ ಪರದೆಯ ಮೇಲೆ, ಸಾಯುತ್ತಿದ್ದ ಸೈನಿಕನ ಬಾಯಿಗೆ ಗೆಳೆಯನೊಬ್ಬ ನೀರು ಬಿಟ್ಟ. ಸುತ್ತ ಜನ ಸೀಟಿ ಹೊಡೆಯುತ್ತಿದ್ದರು. ಅತ್ತೆ ನನ್ನ ಕೈ ಹಿಡಿದು ಕೇಳಿದರು:

“ಪ್ರಮಿಳಾ, ನಮ್ಮ ಸಂಜೂನ ಬಾಯಾಗೂ ಯಾರರೆ ನೀರ ಬಿಟ್ಟಿರ್ತಾರಲ್ಲ?”

“ಖರೇ ಅತ್ತಿ, ಬಿಟ್ಟಿರ್ತಾರ.”

ಎರಡು ವರ್ಷದಿಂದ ಅವರಿಗೆ ಅದೊಂದೇ ಕೊರಗು. ಬರುವಾಗ ಬಸ್ಸಿನಲ್ಲಿ ನನ್ನ ಹೆಗಲಿಗೆ ಒರಗಿ ನಿದ್ದೆ ಹೋದರು. ನನಗಿನ್ನು ನಿದ್ದೆ ಎಲ್ಲಿಯದು.

ಗುಂಡು ತಗಲಿ ಬೆಳಗಿನವರೆಗೂ ಇವರು ಒಬ್ಬರೇ ಬಿದ್ದಿದ್ದರಂತೆ. ಹೆಣದ ಜೊತೆ ಬಂದ ಸೈನಿಕ ನನಗೊಬ್ಬಳಿಗೇ ಹೇಳಿದ್ದ. ಆ ರಾತ್ರಿ ಇವರ ಸೊಂಟದಲ್ಲಿದ್ದ ನೀರಿನ ಬಾಟಲಿ ಟ್ರಂಕಿನಲ್ಲಿ ಬಂದಾಗ ಇನ್ನೂ ತುಂಬಿಯೇ ಇತ್ತು. ಮರುದಿನ ಬೆಳಿಗ್ಗೆ ಅತ್ತೆ ಏಳುವ ಮೊದಲು ಆ ನೀರನ್ನು ಬಚ್ಚಲಿಗೆ ಚೆಲ್ಲಿದವಳು ನಾನೇ.