ಏಳನೇ ಪಂಜರದ ಕೈ

ಡಾಕ್ಟರ್ ಭವಾನಿ ಮೇಡಂ ಅವರಿಗೆ, ಮಂಗಗಳನ್ನು ನೋಡಿಕೊಳ್ಳುವ ದ್ಯಾವಪ್ಪನ ನಮಸ್ಕಾರಗಳು.

ಏಳನೇ ಪಂಜರದ ಹೆಣ್ಣು ಮಂಗದ ರಕ್ತದಲ್ಲಿ ಲಸಿಕೆಯಿಂದ ರೋಗ ತಡೆಯುವ ಶಕ್ತಿ ಚೆನ್ನಾಗಿ ಬಂದಿದೆ ಎಂದಿರಿ. ಅದನ್ನು ಪರೀಕ್ಷಿಸಲು ನಾಳೆ ನಿಜವಾದ ವೈರಸ್ಸನ್ನೇ ಚುಚ್ಚುವುದಂತೆ.

ನಮ್ಮ ಆನೆಗೊಂದಿಯ ಮನೆಯಲ್ಲಿ ಮಂಗಕ್ಕೆ ಹಣ್ಣು ಎಸೆಯುವುದಿಲ್ಲ. ಹನುಮಪ್ಪನ ಪಾಲೆಂದು ಕೈಗೇ ಇಡುತ್ತೇವೆ. ಇಲ್ಲಿಯೂ ಹಾಗೇ ಮಾಡಿದೆ, ತಪ್ಪಾಯಿತು. "ಹಸದೈತೇನು, ತಗೋಬೇ ಯವ್ವಾ" ಎಂದರೆ ಸಾಕು, ಸರಳಿನಾಚೆ ಕೈ ಚಾಚುತ್ತದೆ. ನಾನು ಹಿಡಿದುಕೊಂಡ ಆ ಕೈಯಿಂದಲೇ ನೀವು ಆರು ಸಲ ರಕ್ತ ತೆಗೆದಿರಿ.

ಕೆಲಸ ಬಿಡಲಾರೆ, ಮನೆಯಲ್ಲಿ ದುಡಿಯುವವನು ನಾನೊಬ್ಬನೇ. ನಾಳೆ ಮಾತ್ರ ನನ್ನನ್ನು ಬೇರೆ ಕೆಲಸಕ್ಕೆ ಹಾಕಿ. ಬೇರೆಯವರು ಹಿಡಿದರೆ ಅದು ಕಚ್ಚುತ್ತದೆ, ಅವರಿಗೆ ದಪ್ಪ ಕೈಗವಸು ಕೊಡಿ.

ನನ್ನನ್ನು ಕಂಡರೆ, ಹಣ್ಣಿಲ್ಲದಿದ್ದರೂ ಕೈ ಚಾಚುತ್ತದೆ.

ಇಂತಿ,
ದ್ಯಾವಪ್ಪ