ಸಾಲಗಾರ ಹೊಳೆ ದಾಟಬಾರದು

ಕೊಡ್ಲಿಪೇಟೆ
೩೦-೧೧-೨೦೨೫, ಭಾನುವಾರ

ಚಿರಂಜೀವಿ ತಮ್ಮ ಕೀರ್ತಿಕುಮಾರನಿಗೆ ಅಣ್ಣ ಮರುಳಸಿದ್ದಪ್ಪ ಮಾಡುವ ಆಶೀರ್ವಾದ.

ಈ ವಯಸ್ಸಿನಲ್ಲಿ ನನ್ನ ಕೈಗೆ ಪೆನ್ನು ಹಿಡಿಸಿದೆಯಲ್ಲ, ಮೊದಲು ಅದಕ್ಕೆ ನಿನ್ನನ್ನು ಬೈಯಬೇಕು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಅಣ್ಣನಿಗೆ ಓದು ತಲೆಗೆ ಹತ್ತಲಿಲ್ಲ ಎಂದು ನಿನ್ನ ಮದುವೆಯಲ್ಲಿ ಬೀಗರ ಮುಂದೆ ನೀನೇ ತಮಾಷೆ ಮಾಡಿದ್ದೆ. ನಾನೊಂದು ಸಾಲು ಬರೆಯುವಷ್ಟರಲ್ಲಿ ತೋಟದ ಆಳು ಒಂದು ಗಿಡದ ಹಣ್ಣು ಕೊಯ್ದು ಮುಂದಿನ ಗಿಡಕ್ಕೆ ಹೋಗಿರುತ್ತಾನೆ. ಆದರೆ ಏನು ಮಾಡಲಿ, ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಎತ್ತಿದರೆ, "ಗೆಸ್ಟ್ ಇದಾರೆ ಅಣ್ಣ, ಆಮೇಲೆ ಮಾಡ್ತೀನಿ" ಎನ್ನುತ್ತೀಯ. ನಿನ್ನ ಆಮೇಲೆ ಈ ಜನ್ಮದಲ್ಲಿ ಬರುವುದಿಲ್ಲ. ಕಾಗದವಾದರೆ ಮಧ್ಯದಲ್ಲಿ ಕಟ್ ಮಾಡಲಾಗುವುದಿಲ್ಲ. ಕೂತು ಓದು.

ಕ್ಷೇಮ ಕೇಳದೆ ಸುದ್ದಿಗೆ ಇಳಿಯಬಾರದು ಎಂದು ನಿನ್ನ ಅತ್ತಿಗೆ ಚನ್ನಬಸಮ್ಮ ಪಕ್ಕದಲ್ಲಿ ಕೂತು ಗೊಣಗುತ್ತಿದ್ದಾಳೆ, ಅದಕ್ಕೆ ಕೇಳುತ್ತೇನೆ. ನಿನ್ನ ಸೊಂಟ ಹೇಗಿದೆ? ಸುಧಾಳ ಮಂಡಿನೋವಿಗೆ ಇವಳು ಕಳಿಸಿದ ಎಣ್ಣೆ ಹಚ್ಚಿದಳೋ, ಇಲ್ಲ ಅದೂ ಕಪಾಟಿನಲ್ಲಿ ಕೂತಿದೆಯೋ? ಇಲ್ಲಿ ನಿನ್ನ ಅತ್ತಿಗೆಯ ಬಿಪಿ ಇಳಿದಿದೆ, ನನ್ನದು ಏರಿದೆ, ಕಾರಣ ನೀನು. ಚಳಿ ಬಿದ್ದ ಮೇಲೆ ನನ್ನ ಹಳೇ ಕೆಮ್ಮು ಮತ್ತೆ ಶುರುವಾಗಿದೆ. ಅದು ಚಿಕ್ಕಂದಿನದು, ಗುಳಿಗೆಗೆ ಹೆದರುವುದಿಲ್ಲ. ಕಾಫಿ ಹಣ್ಣು ಒಂದೇ ಸಲ ಕೆಂಪಾಗಿ ಕೂತಿದೆ, ಕೊಯ್ಯಲು ಜನ ಸಿಗುತ್ತಿಲ್ಲ. ಎಲ್ಲರ ತೋಟದ ಕಥೆಯೂ ಇದೇ. ಕ್ಷೇಮಸಮಾಚಾರ ಮುಗಿಯಿತು.

ಈಗ ವಿಷಯ. ಹೋದ ಭಾನುವಾರ ನಮ್ಮ ಪಿಕಪ್ ಡ್ರೈವರ್ ಮಾಯಿಲಪ್ಪ ವಿರಾಜಪೇಟೆ ಕಡೆ ಬಾಡಿಗೆಗೆ ಬಂದಿದ್ದನಲ್ಲ, ಅವನ ಕೈಯಲ್ಲಿ ಬೆಣ್ಣೆಹಣ್ಣು ಕಳಿಸಿದ್ದೆವು. ನೀನು ಕೆಲಸಕ್ಕಿರುವ ಹೋಮ್‌ಸ್ಟೇಗೇ ಹೋಗಿ ಕೊಟ್ಟುಬಂದ. ಸೋಮವಾರ ಬೆಳಿಗ್ಗೆ ಹೋಟೆಲಿನಲ್ಲಿ ಹತ್ತು ಜನರ ಮುಂದೆ ನನ್ನನ್ನು ಕೇಳುತ್ತಾನೆ, "ಏನ್ ಸಿದ್ದಪ್ಪಣ್ಣ, ನೀನ್ ಕೊಟ್ಟ ಸಾಲಕ್ಕೆ ತಮ್ಮನ ಮಗಳನ್ನ ಜೀತಕ್ಕೆ ಬರೆಸ್ಕೊಂಡಿದ್ದೀಯಾ?" ತಮಾಷೆಗೇ ಕೇಳಿದ. ಆದರೆ ಯಾರೂ ನಗಲಿಲ್ಲ. ನಿನ್ನ ದಿವ್ಯಶ್ರೀ, ಎಂಟನೇ ಕ್ಲಾಸಿನ ಹುಡುಗಿ, ಭಾನುವಾರದ ದಿನ ಗೆಸ್ಟುಗಳು ಬಿಟ್ಟುಹೋದ ಹಾಸಿಗೆಯ ಬಟ್ಟೆ ಕಿತ್ತು, ಹೊಸದು ಹಾಸಿ, ಬಚ್ಚಲು ತೊಳೆಯುತ್ತಿದ್ದಳಂತೆ. ದಸರಾ ರಜೆ ಪೂರ್ತಿ ಅದೇ ಕೆಲಸವಂತೆ. ಕೊಡ್ಲಿಪೇಟೆಗೆ ಯಾವಾಗ ಬರ್ತೀಯ ಮಗಳೇ ಎಂದು ಇವನು ಕೇಳಿದರೆ, "ದೊಡ್ಡಪ್ಪನ ಸಾಲ ತೀರೋ ಗಂಟ ನಮಗೆ ರಜ ಇಲ್ಲ" ಅಂದಳಂತೆ. ಅಳುತ್ತಾ ಅಂದಿದ್ದರೂ ತಡೆದುಕೊಳ್ಳುತ್ತಿದ್ದೆ. ಮಗ್ಗಿ ಒಪ್ಪಿಸಿದ ಹಾಗೆ ಅಂದಳಂತೆ. ನಿಮ್ಮ ಓನರ್ ಕುಟ್ಟಪ್ಪನವರನ್ನೂ ಮಾಯಿಲಪ್ಪ ಬಿಟ್ಟಿಲ್ಲ, ಹುಡುಗಿಯ ಕೈಯಲ್ಲಿ ಯಾಕೆ ಮಾಡಿಸುತ್ತೀರಿ ಎಂದು ಕೇಳಿದ್ದಾನೆ. ಅವರು, "ನಾನು ಬೇಡ ಹೇಳ್ತೇನೆ ಮಾರಾಯ, ಅವನೇ ಕರ್ಕೊಂಡು ಬರ್ತಾನೆ. ವಾರದ ರಜೆ ಕೊಟ್ರೂ ತಗೊಳ್ಳುದಿಲ್ಲ, ಅದರ ಸಂಬಳ ಕೊಡಿ ಹೇಳ್ತಾನೆ" ಅಂದರಂತೆ. ಹೊರಗಿನವನಿಗಿರುವಷ್ಟು ಕರುಣೆ ನಿನಗಿಲ್ಲ.

ಅವತ್ತಿನಿಂದ ಫೋನ್ ಮಾಡುತ್ತಲೇ ಇದ್ದೇನೆ. ಬುಧವಾರ ಎತ್ತಿದೆ. ಹುಡುಗಿಯನ್ನು ಕೆಲಸದಿಂದ ಬಿಡಿಸು, ಎರಡು ದಿನ ಎಲ್ಲಾದರೂ ಕರೆದುಕೊಂಡು ಹೋಗಿ ಬಾ ಎಂದೆ. ನೀನು ಏನು ಹೇಳಿದೆ? "ಅಪ್ಪ ಏನ್ ಮಾಡಿದ್ರು ಮರೆತುಬಿಟ್ಯಾ ಅಣ್ಣ? ಸಾಲಗಾರ ಹೊಳೆ ದಾಟಬಾರದು. ನಾನೂ ದಾಟಲ್ಲ." ಹೇಳಿ ಫೋನ್ ಇಟ್ಟೆ. ಅಪ್ಪನ ಹೆಸರು ಹೇಳಿದರೆ ನನ್ನ ಬಾಯಿ ಮುಚ್ಚುತ್ತದೆ ಎಂದು ನಿನಗೆ ಗೊತ್ತು. ನಮ್ಮ ಅಪ್ಪ ಚನ್ನಮಲ್ಲಪ್ಪ ಸಾಲ ತೀರುವ ತನಕ ಹೇಮಾವತಿ ಹೊಳೆ ದಾಟುವುದಿಲ್ಲ ಎಂದು ಆಣೆ ಹಾಕಿದ, ಮೂರು ವರ್ಷ ದಾಟಲಿಲ್ಲ, ಹೊಳೆಯಾಚೆ ನಡೆದ ಸ್ವಂತ ತಂಗಿಯ ಮದುವೆಗೂ ಹೋಗಲಿಲ್ಲ. ಇದನ್ನು ಈ ಕಡೆಯ ನಮ್ಮ ಜನವೆಲ್ಲ ಹೇಳುತ್ತಾರೆ. ಅಪ್ಪ ತೀರಿಕೊಂಡ ಮೇಲೆ ಶಿವಗಣಾರಾಧನೆ ಮಾಡಿದ ದಿನ ಮಠದಿಂದ ಬಂದವರೂ ಅದನ್ನೇ ಹೇಳಿದರು, ನೀನು ಕಣ್ಣೊರೆಸಿಕೊಂಡೆ. ನೀನು ಹುಟ್ಟಿದ್ದು ಅದೆಲ್ಲ ಮುಗಿದು ಎಷ್ಟೋ ವರ್ಷದ ಮೇಲೆ. ಊಟಕ್ಕೆ ಕೂತಾಗಲೆಲ್ಲ ಅನ್ನದ ಜೊತೆ ಆ ಕಥೆಯನ್ನೂ ಉಂಡು ಬೆಳೆದೆ. ಇರಲಿ. ಅಪ್ಪನ ವಿಷಯ ಇಲ್ಲಿ ಬೇಡ.

ನಿನ್ನ ಸಾಲದ ವಿಷಯಕ್ಕೇ ಬರುತ್ತೇನೆ. ವಿರಾಜಪೇಟೆಯಲ್ಲಿ ಇರುವ ಬೇಕರಿಗಳೇ ಸಾಕು, ನೀನೊಂದು ಇಡಬೇಡ ಎಂದೆ. ಇಟ್ಟೆ. ಮುಚ್ಚಿತು. ಮೀಟರ್ ಬಡ್ಡಿಯವರು ನಿನ್ನ ಮನೆ ಬಾಗಿಲಲ್ಲಿ ಬೈಕು ನಿಲ್ಲಿಸಿಕೊಂಡು ಕೂತಾಗ, ಮೇಲಿನ ತೋಟದ ಸಿಲ್ವರ್ ಮರ ಅಷ್ಟನ್ನೂ ಕಡಿಸಿ ದುಡ್ಡು ತಂದುಕೊಟ್ಟೆ. ಮರ ಹೋದ ಮೇಲೆ ಮೆಣಸಿನ ಬಳ್ಳಿಗೆ ಹಬ್ಬಲು ಜಾಗವಿಲ್ಲದೆ ಆ ತುಂಡು ಇವತ್ತಿಗೂ ಬೋಳಾಗಿದೆ. ಬಡ್ಡಿ ಬೇಡ, ಅಸಲು ತಿಂಗಳು ತಿಂಗಳು ಕೊಡು ಎಂದೆ. ಕೊಡುತ್ತಿದ್ದೀಯ, ಒಂದು ತಿಂಗಳೂ ತಪ್ಪಿಸಿಲ್ಲ, ಅದನ್ನು ಇಲ್ಲವೆನ್ನುವುದಿಲ್ಲ. ಆದರೆ ಕೊಡುವ ರೀತಿ ಇದೆಯಲ್ಲ, ಅದು ನನ್ನ ಮುಖಕ್ಕೆ ಎಸೆದ ಹಾಗೆ ಇದೆ. ಗೌರಿಹಬ್ಬಕ್ಕೆ ಸುಧಾಳಿಗೆ ಸೀರೆಯಿಲ್ಲ, ಅಣ್ಣನ ಸಾಲವಿದೆ. ಶಾಲೆಯಿಂದ ಬೇಲೂರು ಹಳೇಬೀಡಿಗೆ ಟೂರ್ ಹೊರಟರೆ ದಿವ್ಯಶ್ರೀ ಇಲ್ಲ, ದೊಡ್ಡಪ್ಪನ ಸಾಲವಿದೆ. ಉಪವಾಸ ಮಾಡುವವನು ನೀನು, ಪಾಪ ಬರುವುದು ನನಗೆ. ಇದು ಸಾಲ ತೀರಿಸುವುದಲ್ಲ ಕಣೋ, ಹಗೆ ತೀರಿಸಿಕೊಳ್ಳುವುದು.

ಹೋದ ವರ್ಷ ನಾನು ಜವರಪ್ಪನಿಗೆ ಬೈದದ್ದನ್ನು ನೀನು ಮನಸ್ಸಿಗೆ ಹಚ್ಚಿಕೊಂಡಿದ್ದೀಯ ಎಂದು ನಿನ್ನ ಅತ್ತಿಗೆ ಹೇಳುತ್ತಾಳೆ. ಹಚ್ಚಿಕೊಳ್ಳಬೇಡ. ಅವನು ಸೊಸೈಟಿ ಸಾಲ ಕಟ್ಟುವುದು ಬಿಟ್ಟು ಗೋವಾಕ್ಕೆ ಹೋದ, ದೋಣಿಯ ಮೇಲೆ ಕೂಲಿಂಗ್ ಗ್ಲಾಸ್ ಹಾಕಿಕೊಂಡು ನಿಂತ ಫೋಟೋ ಹಾಕಿದ, ಜಾಮೀನು ಹಾಕಿದ ನನ್ನ ಮನೆಗೆ ನೋಟಿಸ್ ಬಂತು. ಅವನಿಗೆ ಬೈದೆ, ಇನ್ನೂ ಬೈಯುತ್ತೇನೆ. ಸಾಲ ಮಾಡಿ ತಿರುಗುವವನು ಒಬ್ಬ ಮೂರ್ಖ. ಸಾಲವಿದೆ ಎಂದು ಮಕ್ಕಳನ್ನು ಕೂಡಿಹಾಕುವವನು ಇನ್ನೊಬ್ಬ. ನಾನು ಗೋವಾಕ್ಕೆ ಹೋಗು ಎನ್ನುತ್ತಿಲ್ಲ.

ಎರಡು ವರ್ಷದ ಹಿಂದೆ ನಾನು ಕಣ್ಣಿನ ಆಪರೇಷನ್ನಿಗೆ ವಿರಾಜಪೇಟೆಗೆ ಬಂದಿದ್ದೆನಲ್ಲ, ವಾಪಸು ಹೊರಡುವ ದಿನ ಬಸ್‌ಸ್ಟ್ಯಾಂಡಿನಲ್ಲಿ ಕಣ್ಣೂರಿನ ಬಸ್ಸು ನಿಂತಿತ್ತು. ದಿವ್ಯಶ್ರೀ ನನ್ನ ಕೈ ಜಗ್ಗಿ, "ದೊಡ್ಡಪ್ಪ, ಈ ಬಸ್ಸು ಮಧ್ಯಾಹ್ನಕ್ಕೆ ಸಮುದ್ರದ ಹತ್ರ ಇರುತ್ತೆ, ಗೊತ್ತಾ?" ಎಂದಳು. ಅವಳಿಗೆ ಅದು ಹೊರಡುವ ಹೊತ್ತು, ಮಾಕುಟ್ಟದ ಘಾಟಿಯಲ್ಲಿ ಎಲ್ಲಿ ನಿಲ್ಲುತ್ತದೆ, ಯಾವ ಸೇತುವೆ ದಾಟಿದರೆ ಕೇರಳ, ಎಲ್ಲ ಬಾಯಿಪಾಠ. ಹತ್ತಿದವಳಲ್ಲ, ಕಂಡಕ್ಟರನನ್ನು ಕೇಳಿ ತಿಳಿದುಕೊಂಡವಳು. ನೀನು ಕೇಳಿಸಿಕೊಂಡೂ ಚಪ್ಪಲಿಯ ಅಂಗಡಿ ಕಡೆ ಮುಖ ತಿರುಗಿಸಿ ನಿಂತೆ. ನಿಮ್ಮ ಹೋಮ್‌ಸ್ಟೇಯಲ್ಲಿ ಒಂದು ಸಂಜೆ ಸೌದೆಗೆ ಬೆಂಕಿ ಹಚ್ಚಿಸಿಕೊಂಡು ಸುತ್ತ ಕೂರಲು ಗೆಸ್ಟುಗಳು ಕೊಡುವ ದುಡ್ಡಿದೆಯಲ್ಲ, ಅಷ್ಟರಲ್ಲಿ ನೀವು ಮೂವರು ಆ ಬಸ್ಸು ಹತ್ತಿ, ಊಟ ಮಾಡಿ, ನೀರಿಗೆ ಕಾಲಿಟ್ಟು ಬರಬಹುದು. ಊರವರ ರಜೆಗೆ ಹಾಸಿಗೆ ಹಾಸುವುದು ನಿನ್ನ ಹೊಟ್ಟೆಪಾಡು, ಮಾಡು. ನಿನ್ನ ಮಗಳಿಗೂ ರಜೆ ಎನ್ನುವುದು ಬೇರೆಯವರು ಮುದುರಿಸಿಹೋದ ಬಟ್ಟೆ ಎಂದು ಯಾಕೆ ಕಲಿಸುತ್ತೀಯ?

ಆದ್ದರಿಂದ ನಾನು ಹೇಳುವುದು ಇಷ್ಟು. ಕ್ರಿಸ್‌ಮಸ್ ರಜೆಯಲ್ಲಿ ನಿಮ್ಮಲ್ಲಿ ರೂಮು ತುಂಬಿರುತ್ತದೆ, ಆಗ ಕುಟ್ಟಪ್ಪನವರಿಗೆ ಕೈಕೊಡಬೇಡ, ಅನ್ನ ಹಾಕಿದವರು. ಸಂಕ್ರಾಂತಿ ಕಳೆದ ಮೇಲೆ ಎರಡು ದಿನ ರಜೆ ತೆಗೆದುಕೊಂಡು ಹೆಂಡತಿ ಮಗಳನ್ನು ಕರೆದುಕೊಂಡು ಕಣ್ಣೂರಿಗೆ ಹೋಗು. ಜನವರಿಯ ಕಂತು ಕಳಿಸಬೇಡ, ಅದನ್ನು ಅಲ್ಲಿ ಖರ್ಚು ಮಾಡು. ಮನ್ನಾ ಎಂದು ತಿಳಿಯಬೇಡ, ಒಂದು ಪೈಸೆ ಬಿಡುವವನಲ್ಲ ನಾನು, ಕೊನೆಗೆ ಒಂದು ತಿಂಗಳು ಜಾಸ್ತಿ ಕಟ್ಟು. ಹುಡುಗಿ ಈ ಕಾಗದ ಮುಟ್ಟಿದ ದಿನದಿಂದ ಹೋಮ್‌ಸ್ಟೇ ಗೇಟು ದಾಟಿ ಒಳಗೆ ಹೋಗಬಾರದು. ಇದಕ್ಕೆ ಒಪ್ಪದಿದ್ದರೆ ಕಂತಿನ ಮಾತು ಅಲ್ಲಿಗೇ ಮುಗಿಯಿತು. ಮಾಯಿಲಪ್ಪನ ಪಿಕಪ್ಪಿನಲ್ಲಿ ಬಂದು ಉಳಿದ ಅಷ್ಟೂ ದುಡ್ಡನ್ನು ಒಂದೇ ದಿನ ಕೇಳುತ್ತೇನೆ, ಕುಟ್ಟಪ್ಪನವರ ಗೆಸ್ಟುಗಳ ಮುಂದೆ ನಿಂತು ಕೇಳುತ್ತೇನೆ. ಹೇಗೂ ಊರಲ್ಲಿ ರಕ್ತ ಹೀರುವ ಅಣ್ಣ ಎಂದು ಹೆಸರು ಬಂದಾಗಿದೆ, ಹೀರಿಯೇ ಬಿಡುತ್ತೇನೆ.

ಸುಧಾಳಿಗೂ ದಿವ್ಯಶ್ರೀಗೂ ನಮ್ಮಿಬ್ಬರ ಆಶೀರ್ವಾದ. ಶಿವ ನಿಮ್ಮನ್ನು ಚೆನ್ನಾಗಿಟ್ಟಿರಲಿ, ನಿನಗೆ ಸ್ವಲ್ಪ ಬುದ್ಧಿಯನ್ನೂ ಕೊಡಲಿ. ಬೆಣ್ಣೆಹಣ್ಣು ಕಳಿಸಿದ ಚೀಲ ವಾಪಸು ಬೇಕು ಎಂದು ನಿನ್ನ ಅತ್ತಿಗೆ ಹೇಳುತ್ತಿದ್ದಾಳೆ.

ಇಂತಿ ನಿನ್ನ ಅಣ್ಣ,
ಮರುಳಸಿದ್ದಪ್ಪ

ಮತ್ತೆ: ಕವರು ಅಂಟಿಸಲು ಹೋದರೆ ನಿನ್ನ ಅತ್ತಿಗೆ ಕಿತ್ತುಕೊಂಡು ಓದಿದಳು. ಅಪ್ಪನ ವಿಷಯ ಬಿಟ್ಟಿದ್ದೀರಿ, ಅದನ್ನು ಬರೆಯದೆ ಕಳಿಸಬೇಡಿ ಎಂದು ಬಾಗಿಲಿಗೆ ಅಡ್ಡ ನಿಂತಿದ್ದಾಳೆ. ಪೋಸ್ಟಿಗೆ ಕೊಂಡೊಯ್ಯುವವನು ಹೊರಗೆ ಹಾರ್ನ್ ಹೊಡೆಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಅಪ್ಪನಿಗೆ ಸಾಲ ಕೊಟ್ಟವನ ಅಕ್ಕಿ ಗಿರಣಿ ಇದ್ದದ್ದು ಹೊಳೆಯ ಆಚೆ ದಡದಲ್ಲಿ. ಆಚೆ ಹೋದರೆ ಅವನು ಕೊರಳಪಟ್ಟಿ ಹಿಡಿಯುತ್ತಾನೆ ಎಂದು ಅಪ್ಪ ದಾಟುತ್ತಿರಲಿಲ್ಲ. ಆಣೆ ಎನ್ನುವುದು ಆಮೇಲೆ ಊರಿಗೆ ಹೇಳಿದ್ದು. ಬಡ್ಡಿಯ ಬದಲಿಗೆ ನನ್ನನ್ನು ಕಳಿಸಿದ. ನನಗೆ ಓದು ಹತ್ತದೆ ಶಾಲೆ ಬಿಟ್ಟದ್ದಲ್ಲ, ನಾಲ್ಕನೇ ಕ್ಲಾಸಿನ ಬೇಸಿಗೆ ರಜೆಯಲ್ಲಿ ದೋಣಿ ಹತ್ತಿಸಿದರು, ರಜೆ ಮುಗಿದರೂ ವಾಪಸು ಕರೆಯಲಿಲ್ಲ. ಮೂರು ವರ್ಷ ಆ ಗಿರಣಿಯಲ್ಲಿ ತೌಡು ಗುಡಿಸಿದೆ. ಈ ಕೆಮ್ಮು ಅಲ್ಲಿಯದು. ಸಂತೆಯ ದಿನ ಅಪ್ಪ ಈಚೆ ದಡದಲ್ಲಿ ನಿಂತು ನನ್ನ ಕಡೆ ಕೈ ಎತ್ತುತ್ತಿದ್ದ. ನಾನೂ ಎತ್ತುತ್ತಿದ್ದೆ. ದಾಟಿ ಬರಲಿಲ್ಲ. ಅವನು ಸತ್ತ ಮೇಲೂ ನಾನು ಇದನ್ನು ಯಾರಿಗೂ ಹೇಳಲಿಲ್ಲ, ಮಠದವರು ಹೇಳಿದ್ದನ್ನು ತಲೆ ಬಗ್ಗಿಸಿ ಕೇಳಿದೆ. ನೀನೂ ಈಗ ಅಪ್ಪನ ಹಾಗೆ ಈಚೆ ದಡದಲ್ಲಿ ನಿಂತಿದ್ದೀಯ, ಊರು ನಿನ್ನನ್ನೂ ಮರ್ಯಾದಸ್ಥ ಎನ್ನುತ್ತದೆ. ಹಾಸಿಗೆ ಹಾಸುತ್ತಿರುವವಳು ಮಗಳು. ಈ ಪುಟವನ್ನು ಸುಧಾಳಿಗೂ ಓದಿ ಹೇಳು, ಹುಡುಗಿಗೆ ಈಗ ಬೇಡ. ಯಾವ ದಿನದ ಬಸ್ಸು ಎಂದು ಬರೆ. ಉತ್ತರ ಡಿಸೆಂಬರ್ ಹದಿನೈದರೊಳಗೆ ನನ್ನ ಕೈಯಲ್ಲಿರಬೇಕು.